ನೀಲಗಂಗಮ್ಮ ಡಿಗ್ರಿ ಆರಿಸಿದ್ದು

ನೀಲಗಂಗಮ್ಮ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸೆರಗು ಝಾಡಿಸಿದರೆ ಎರಡು ಲಾರಿ ಅದಿರು ಲೋಡಾಗುತ್ತದೆ ಅನ್ನುವುದು ಸ್ವಲ್ಪ ಹೆಚ್ಚಾಯಿತು. ಒಂದೂವರೆ ಲಾರಿ ಅನ್ನಬಹುದು. ಕಂಪ್ಲಿಯಲ್ಲಿ ಹುಟ್ಟಿ, ಹೊಸಪೇಟೆಯಲ್ಲಿ ಬಿ.ಎ. ಮುಗಿಸಿ, ಹತ್ತೊಂಬತ್ತು ವರ್ಷದಿಂದ ಗಣಿ ಹಳ್ಳಿಗಳ ಕೆಂಪು ಧೂಳು ನುಂಗಿದ ಜೀವ. ‘ಬೆಳಗು’ ಎಂಬ ಸಣ್ಣ ಸಂಸ್ಥೆಯಲ್ಲಿ ಕೆಲಸ. ಅದಿರು ತುಂಬುವ ಹೆಂಗಸರಿಗೆ ಪಿಂಚಣಿ ಅರ್ಜಿ, ಕೆಮ್ಮಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ. ಹೆಸರು ಸಂಸ್ಥೆಯದು, ಓಡಾಟ ಆಕೆಯದು. ಆ ದಣಿವನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲಿಟ್ಟರೆ ಯಂತ್ರ ಕೈಮುಗಿದು ಸುಮ್ಮನಾಗುತ್ತಿತ್ತು.

ಸಂಸ್ಥೆ ಕಟ್ಟಿದ ಜಂಬಯ್ಯ ಮೇಷ್ಟ್ರಿಗೆ ಎಪ್ಪತ್ತೆರಡು ತುಂಬಿ, ಯುಗಾದಿಗೆ ಕುರ್ಚಿ ಬಿಡುವುದೆಂದು ತೀರ್ಮಾನವಾಗಿತ್ತು. ಕುರ್ಚಿ ಯಾರಿಗೆ ಎಂಬುದು ಊರಿನ ಬೀದಿನಾಯಿಗೂ ಗೊತ್ತಿತ್ತು. ಆಡಳಿತ ಮಂಡಳಿಗೆ ಮಾತ್ರ ಗೊತ್ತಿರಲಿಲ್ಲ. ನಿರ್ದೇಶಕರಾಗುವವರು ಸ್ನಾತಕೋತ್ತರ ಪದವೀಧರರಾಗಿರಬೇಕು, ಕೊನೇಪಕ್ಷ ಓದುತ್ತಿರಬೇಕು ಎಂದು ಠರಾವಾಯಿತು. ದೂರಶಿಕ್ಷಣಕ್ಕೆ ಅರ್ಜಿ ಹಾಕಲು ಶನಿವಾರ ಕೊನೆಯ ದಿನ. ಇಲ್ಲದಿದ್ದರೆ ಹೊರಗಿನವರೊಬ್ಬರು ತಯಾರಾಗೇ ಇದ್ದರು. ಸಂದರ್ಶನಕ್ಕೆ ಬಂದ ದಿನವೇ ಆ ಮಹಾಶಯರು, “ಭಾನುವಾರ ಮೀಟಿಂಗ್ ಯಾಕೆ? ಆಫೀಸ್ ಟೈಮಲ್ಲಿ ಇಟ್ಟುಕೊಳ್ಳಿ” ಎಂದು ಅಪ್ಪಣೆ ಕೊಡಿಸಿ ಹೋಗಿದ್ದರು. ಲೋಡಿಂಗ್ ಹೆಂಗಸರಿಗೆ ವಾರಕ್ಕೊಂದೇ ರಜ, ಅದು ಭಾನುವಾರ. ಹತ್ತು ಗಂಟೆಗೆ ಬೇವಿನ ಮರದ ಕೆಳಗೆ ಸೇರುತ್ತಾರೆ. ಅದು ನಿಂತರೆ ‘ಬೆಳಗು’ ಅನ್ನುವುದು ಬರೀ ಬೋರ್ಡು.

“ಎಂ.ಬಿ.ಎ. ಮಾಡು ನೀಲವ್ವ,” ಅಂದರು ಮೇಷ್ಟ್ರು. “ದುಡ್ಡು ಕೊಡೋರು ಆ ಮೂರಕ್ಷರ ಕಂಡ್ರ ಎದ್ದು ನಿಂತು ಕುರ್ಚಿ ಹಾಕ್ತಾರ.”

“ನಂಗ ಕುರ್ಚಿ ಬ್ಯಾಡ್ರಿ ಸರ, ಒಂದು ಚಾಪಿ ಕೊಟ್ರ ಇಲ್ಲೇ ಮಕ್ಕಂತೀನಿ.”

ಮನೆಯಲ್ಲಿ ಗಂಡ ಹಾಲೇಶನದೂ ಅದೇ ರಾಗ. ಲಾರಿ ಟೈರಿಗೆ ಪಂಕ್ಚರ್ ಹಾಕುವವನು. “ಎಂ.ಬಿ.ಎ.ನೇ ಚಲೋ. ಎಲ್ಲಾ ಮೊಬೈಲ್‌ನ್ಯಾಗ ಬರ್ತೈತಂತ. ಮಕ್ಕಂಡು ನೋಡಿದ್ರೂ ಪಾಸು.”

ಮಲಗಿ ಪಾಸಾಗುವುದು! ನೀಲಗಂಗಮ್ಮನಿಗೆ ಇಂದ್ರಪದವಿ ಕೊಡುತ್ತೇವೆಂದಿದ್ದರೂ ಅಷ್ಟು ಆಸೆ ಹುಟ್ಟುತ್ತಿರಲಿಲ್ಲ. ಗುರುವಾರ ಮಧ್ಯಾಹ್ನ ಎಂ.ಬಿ.ಎ. ಫಾರಂ ತುಂಬಲು ಕೂತಳು. ಮೂರನೇ ಪುಟದಲ್ಲಿತ್ತು: ಆನ್‌ಲೈನ್ ನೇರ ತರಗತಿ ಪ್ರತಿ ಭಾನುವಾರ ಹತ್ತರಿಂದ ಒಂದರವರೆಗೆ, ಹಾಜರಿ ಕಡ್ಡಾಯ. ಪೆನ್ನಿನ ಮುಚ್ಚಳ ಹಾಕಿದಳು.

ಉಳಿದದ್ದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಎಂ.ಎಸ್.ಡಬ್ಲ್ಯೂ. ಅದರ ಪುಸ್ತಿಕೆ ಓದುತ್ತ ನೆಟ್ಟಗೆ ಕೂತಳು. ವಾರಕ್ಕೆ ಹದಿನೈದು ಗಂಟೆ ಕ್ಷೇತ್ರಕಾರ್ಯ. ಹಳ್ಳಿ ಸುತ್ತುವುದು, ಮನೆ ಭೇಟಿ, ಗುಂಪು ಸಭೆ, ಎಲ್ಲಕ್ಕೂ ಅಂಕ. ಹತ್ತೊಂಬತ್ತು ವರ್ಷ ಪುಕ್ಕಟೆ ಸವೆಸಿದ ಚಪ್ಪಲಿಗೆ ಅಂಕ! ಆ ಲೆಕ್ಕದಲ್ಲಿ ಆಕೆ ಇಷ್ಟೊತ್ತಿಗೆ ಹನ್ನೊಂದು ಸಲ ಪಾಸಾಗಿ, ಎರಡು ಸಲ ಕುಲಪತಿಯಾಗಿ ನಿವೃತ್ತಳಾಗಬೇಕಿತ್ತು.

ತೊಡಕು ಒಂದೇ. ಮಾರ್ಗದರ್ಶಕರು ಎಂ.ಎಸ್.ಡಬ್ಲ್ಯೂ ಪಾಸಾದವರೇ ಆಗಬೇಕು, ಫಾರಂ ಮೇಲೆ ಅವರ ಸಹಿ ಬೇಕು. ಮೇಷ್ಟ್ರು ಓದಿದ್ದು ಟಿ.ಸಿ.ಎಚ್. ಆಕೆಗೆ ಹತ್ತಿರದಲ್ಲಿ ಗೊತ್ತಿದ್ದವಳು ಸ್ಫೂರ್ತಿ ಒಬ್ಬಳೇ. ಆರು ವರ್ಷದ ಹಿಂದೆ ಕಾಲೇಜಿನಿಂದ ತರಬೇತಿಗೆ ಬಂದು, ಮೊದಲ ದಿನವೇ ಕೆಂಪು ಕೆಸರಲ್ಲಿ ಬಿದ್ದು ಅತ್ತಿದ್ದ ಹುಡುಗಿ. ಎಬ್ಬಿಸಿ, ಮುಖ ಒರೆಸಿ, ಕೆಲಸ ಕಲಿಸಿದವಳು ನೀಲಗಂಗಮ್ಮ. ಆ ಹುಡುಗಿಯ ವರದಿಯನ್ನು ನಾಲ್ಕು ಸಲ ವಾಪಸ್ ಎಸೆದವಳೂ ಈಕೆಯೇ. ಈಗ ಸ್ಫೂರ್ತಿ ತೋರಣಗಲ್ಲಿನ ಒಂದು ಕಾರ್ಖಾನೆಯಲ್ಲಿ ಆಫೀಸರು.

ಶುಕ್ರವಾರ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಮುಂದಿನ ಚಹಾದಂಗಡಿಯಲ್ಲಿ ನೀಲಗಂಗಮ್ಮ ಫಾರಂ ಮುಂದಿಟ್ಟಳು. ಅದನ್ನು ಓದಿ ಸ್ಫೂರ್ತಿ ಕಣ್ಣರಳಿಸಿದಳು.

“ನೀಲಕ್ಕಾ, ನಾ ನಿಮಗ ಗೈಡಾ? ಜನ ನಗಂಗಿಲ್ಲೇನ್ರಿ?”

“ನಗ್ಲಿ ಬಿಡವ್ವ. ನಗಾಕ ನಂಗಂತೂ ತ್ರಾಣಿಲ್ಲ. ಸಹಿ ಹಾಕು.”

ಸ್ಫೂರ್ತಿ ಪೆನ್ನು ತೆಗೆದಳು, ತಡೆದಳು. “ಕ್ಷೇತ್ರಕಾರ್ಯದ ಡೈರಿ ಪ್ರತಿ ಸೋಮವಾರ ಕೊಡಬೇಕ್ರಿ. ಮಂಗಳವಾರ ತಂದ್ರ ನಾ ಮುಟ್ಟಂಗಿಲ್ಲ.”

ಅದು ನೀಲಗಂಗಮ್ಮನದೇ ಮಾತು, ಅಕ್ಷರ ಬಿಡದಂತೆ. ಎಂಥ ಕೆಟ್ಟ ಹೆಂಗಸಾಗಿದ್ದೆ ನಾನು ಎಂದುಕೊಂಡಳು.

“ಜ್ವರ ಬಂದ್ರ?”

“ಜ್ವರ ಬಂದದ್ದೂ ಡೈರ್ಯಾಗ ಬರೀರಿ ಅಂತಿದ್ರಿ ನೀವು.”

ಸಹಿ ಬಿತ್ತು. ಚಹಾದ ದುಡ್ಡನ್ನು ಗೈಡೇ ಕೊಟ್ಟಳು.

ಸಂಡೂರಿನ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಫಾರಂನಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು: ಈ ಪದವಿಯನ್ನು ಆರಿಸಿಕೊಂಡ ಕಾರಣ. ಅಲ್ಲಿ ಸಮಾಜಸೇವೆಯ ಹಂಬಲ, ದೀನರ ಉದ್ಧಾರ ಎಂದೆಲ್ಲ ಬರೆಯಬೇಕೆಂದು ಎಷ್ಟೋ ಮಕ್ಕಳಿಗೆ ಆಕೆಯೇ ಹೇಳಿಕೊಟ್ಟಿದ್ದಳು. ಬಸ್ಸು ಕುಲುಕುತ್ತಿತ್ತು, ಕಣ್ಣು ಎಳೆಯುತ್ತಿತ್ತು. ಉದ್ದಕ್ಕೆ ಬರೆಯುವ ಶಕ್ತಿ ಇರಲಿಲ್ಲ. ಫಾರಂ ತೊಡೆಯ ಮೇಲಿಟ್ಟು, ಸೊಟ್ಟ ಅಕ್ಷರದಲ್ಲಿ ಬರೆದಳು: “ಭಾನುವಾರ ಹತ್ತಕ್ಕೆ ಮೀಟಿಂಗ್ ಇದೆ.”