ಗಾಜಿನ ತಟ್ಟೆಯಲ್ಲಿ ವಾಸಿಯಾದ ಗಾಯ

ಅಮ್ಮನ ಅಂಗಾಲಿನ ಹುಣ್ಣು ಒಂದು ವರ್ಷವಾದರೂ ಮಾಯಲಿಲ್ಲ. ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದವಳು ಅವಳು. ದಿನವಿಡೀ ಒದ್ದೆ ನೆಲ, ಅದರ ಮೇಲೆ ಸಕ್ಕರೆ ಕಾಯಿಲೆ. ಚಿಕ್ಕಬಳ್ಳಾಪುರದ ಡಾಕ್ಟರು ಮಾತ್ರೆ ಬದಲಾಯಿಸಿದರು, ಇಂಜೆಕ್ಷನ್ ಬದಲಾಯಿಸಿದರು. ಕೀವು ಮಾತ್ರ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ.

ನಾನಾಗ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಂಥ ಹಟಮಾರಿ ಬ್ಯಾಕ್ಟೀರಿಯಾಗಳ ಮೇಲೇ ಸಂಶೋಧನೆ ಮಾಡುತ್ತಿದ್ದೆ. ಅವು ಗುಂಪುಗೂಡಿ ಲೋಳೆ ಹೊದ್ದುಕೊಂಡು ಕೂತರೆ ಔಷಧಿ ಒಳಗೆ ನಾಟುವುದಿಲ್ಲ. ಅಮ್ಮನನ್ನೂ ಗೈಡನ್ನೂ ಕೇಳಿ, ಅವಳ ಕೀವಿನ ಬ್ಯಾಕ್ಟೀರಿಯಾವನ್ನೇ ಗಾಜಿನ ತಟ್ಟೆಯಲ್ಲಿ ಬೆಳೆಸಿದೆ, ಒಂದಿಷ್ಟನ್ನು ಫ್ರೀಜರಿನಲ್ಲಿ ತೆಗೆದಿಟ್ಟೆ. ಆಂಟಿಬಯಾಟಿಕ್ ಒಂದನ್ನೇ ಹಾಕಿದರೆ ಅದು ಕ್ಯಾರೇ ಅನ್ನಲಿಲ್ಲ. ನಾವು ತಯಾರಿಸಿದ್ದ ಪುಟ್ಟ ಅಣುವೊಂದನ್ನು ಜೊತೆಗೆ ಸೇರಿಸಿದೆ. ಲೋಳೆ ಸಡಿಲವಾಯಿತು, ಎಲ್ಲವೂ ಸತ್ತವು.

ಆ ಶನಿವಾರವೇ ಬಸ್ಸು ಹತ್ತಿ ಊರಿಗೆ ಓಡಿದೆ. ನನ್ನ ಬಾಯಿಗೊಂದು ಬೀಗ ಬೇಕಿತ್ತು. ಅಮ್ಮನ ಮುಂದೆ ಎಲ್ಲ ಒದರಿದೆ.

"ಅಯ್ಯೋ, ಅಷ್ಟೇನಾ? ಗೂಡಿನ ಅಂಟು ಬಿಡದೆ ಎಳೆ ಬತ್ತದಾ? ಮೊದ್ಲು ಬೇಯಿಸ್ಬೇಕು, ಆಮೇಲೆ ಎಳೀಬೇಕು. ಇಷ್ಟಕ್ಕಾ ಅಷ್ಟು ವರ್ಷ ಓದಿದ್ದು ನೀನು?" ಎಂದು ನಕ್ಕಳು. ಅದನ್ನೇ ಹೇಳಲು ನಾನು ಇಪ್ಪತ್ತು ಪುಟ ಬರೆದಿದ್ದೆ. ಆಮೇಲೆ ಕಾಲು ಮುಂದೆ ಚಾಚಿದಳು. "ಸರಿ, ಹಾಕಮ್ಮ."

ಅದು ಇನ್ನೂ ಮನುಷ್ಯರಿಗೆ ಕೊಡುವ ಔಷಧಿಯಲ್ಲ, ಇಲಿಗೂ ಕೊಟ್ಟು ನೋಡಿಲ್ಲ, ವಿಷವೋ ಏನೋ ಯಾರಿಗೆ ಗೊತ್ತು, ವರ್ಷಗಟ್ಟಲೆ ಹಿಡಿಯುತ್ತದೆ ಎಂದೆ.

"ನನ್ ಕಾಲಿನ ಹುಳ ಸಾಯಿಸ್ದೆ ಅಂತೀಯ, ನನ್ ಕಾಲಿಗೆ ಹಾಕಲ್ಲ ಅಂತೀಯ. ಇದ್ಯಾವ ನ್ಯಾಯ ಕಣೇ?" ಅವಳು ಬೈಯಲಿಲ್ಲ, ಕೇಳಿದಳು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ವಾರ ಆ ಅಣುವಿನ ಸೀಸೆಯನ್ನು ಬ್ಯಾಗಿಗೆ ಹಾಕಿಕೊಂಡು ಪ್ರಯೋಗಾಲಯದ ಬಾಗಿಲವರೆಗೂ ಹೋದೆ. ಹೆದರಿ ವಾಪಸ್ ಇಟ್ಟೆ. ಸರಿಯಾದದ್ದನ್ನೇ ಮಾಡಿದೆ. ಈಗಲೂ ಹಾಗೇ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಮ್ಮ ಉಳಿಯಲಿಲ್ಲ.

ತಿಥಿ ಮುಗಿಸಿಕೊಂಡು ಕೆಲಸಕ್ಕೆ ಬಂದೆ. ಫಲಿತಾಂಶ ನಿಜವೆನ್ನಬೇಕಾದರೆ ಪ್ರಯೋಗವನ್ನು ಮೂರು ಸಲ ಮಾಡಬೇಕಿತ್ತು; ನಾನು ಮಾಡಿದ್ದು ಎರಡೇ. "ಬೇರೆಯವರು ಮಾಡ್ತಾರೆ, ಬಿಡಮ್ಮ" ಎಂದರು ಗೈಡ್. ನಾನು ಕೇಳಲಿಲ್ಲ. ಫ್ರೀಜರ್ ತೆರೆದೆ. ಅಮ್ಮ ಮಣ್ಣಾಗಿದ್ದಳು, ಅವಳನ್ನು ತಿಂದದ್ದು ಪುಟ್ಟ ನಳಿಕೆಯೊಳಗೆ ಇನ್ನೂ ಜೀವಂತವಾಗಿತ್ತು. ಅದನ್ನು ಹೊರಗೆ ತೆಗೆದು, ಮನುಷ್ಯರ ಮೈಬಿಸಿಯಷ್ಟೇ ಬೆಚ್ಚಗಿಟ್ಟು, ಆಹಾರ ಹಾಕಿ, ಕೈಯಾರೆ ಸಾಕಿದೆ. ಎರಡೇ ದಿನದಲ್ಲಿ ಸೊಂಪಾಗಿ ಬೆಳೆಯಿತು.