ಕಾಲುವೆ ನೀರು ಕುಡಿಯಬೇಕಾಗಿದ್ದ ಹುಂಜ

ತಿಮ್ಮವ್ವನ ಮಣ್ಣಾದ ಮೇಲೆ ಅವಳ ಮನೆಯ ಸಾಮಾನು ಹಂಚಿಕೆಯಾಯಿತು. ಹೆಚ್ಚೇನೂ ಇರಲಿಲ್ಲ. ಕೊಡಪಾನ, ಬೀಸುವ ಕಲ್ಲು, ಕೌದಿಗಳು ಮೈದುನ ಭಾಗಣ್ಣನ ಮನೆಗೆ ಹೋದವು. ಹೇಂಟೆಗಳನ್ನು ಓಣಿಯವರು ಒಂದೊಂದಾಗಿ ಬಗಲಲ್ಲಿ ಇಟ್ಟುಕೊಂಡು ಹೋದರು. ಎರಡು ಬಾತುಕೋಳಿಗಳನ್ನು ಯಾರೂ ಕೇಳಲಿಲ್ಲ, ಅವನ್ನು ಅವುಗಳ ನೀರಿನ ಬಾಂಡ್ಲಿ ಸಮೇತ ಪಕ್ಕದ ಮನೆಯ ದೇವಕಮ್ಮ ಇಟ್ಟುಕೊಂಡಳು. ಹುಂಜವನ್ನು ಯಾರೂ ಮುಟ್ಟಲಿಲ್ಲ, ಅದು ಊರದೇವತೆ ಮರಗಮ್ಮನಿಗೆ ಬೇಡಿಕೊಂಡದ್ದು. ಅದನ್ನೂ ದೇವಕಮ್ಮನೇ ತನ್ನ ಅಂಗಳಕ್ಕೆ ತಂದಳು. ತರುವ ಮನಸ್ಸಿರಲಿಲ್ಲ. ತಿಮ್ಮವ್ವ ಹೇಳಿ ಹೋಗಿದ್ದಳು.

ದೇವಕಮ್ಮ ಊರ ಶಾಲೆಯ ಟೀಚರು. ತಿಮ್ಮವ್ವನ ಅಂಗಳಕ್ಕೂ ಅವಳ ಅಂಗಳಕ್ಕೂ ನಡುವೆ ಒಂದು ಮೋಟು ಗೋಡೆ. ಇಬ್ಬರದೂ ಒಂದೇ ಓಣಿ, ಒಂದೇ ಜಾತಿ. ಆದರೆ ದೇವಕಮ್ಮನ ಮನೆಯವರು ಕಲಬುರಗಿಗೆ ಹೋಗಿ ಬುದ್ಧನ ದೀಕ್ಷೆ ಪಡೆದು ಬಂದಿದ್ದರು. ಜೀವ ತೆಗೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಮೊದಲಾಗಿ ಅವಳು ದಿನಾ ಬೆಳಿಗ್ಗೆ ಬುದ್ಧನ ಪಟದ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದಳು. ಗೋಡೆಯಾಚೆ ಕೋಳಿಗಳಿಗೆ ಜೋಳದ ನುಚ್ಚು ಚೆಲ್ಲುತ್ತಾ ತಿಮ್ಮವ್ವ ಅದನ್ನು ಕೇಳಿಸಿಕೊಳ್ಳುತ್ತಿದ್ದಳು.

"ದಿನಾ ಹೇಳ್ಬೇಕೇನ ಟೀಚರಮ್ಮ? ನಿನ್ನಿ ಹೇಳಿದ್ದು ಬೆಳಗಾಗೋದ್ರಾಗ ಹಳಸ್ತದೇನು?" ಎಂದು ಕೇಳುವಳು.

ತಿಮ್ಮವ್ವ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುವ ಹೆಂಗಸು. ಗಂಡ ಮರಿಲಿಂಗಪ್ಪ ಬೇಗ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಗಂಡನ ಪಾಲಿಗೆ ಬಂದ ಒಂದು ತುಂಡು ಹೊಲವನ್ನು ಭಾಗಣ್ಣ ಉಳುತ್ತಿದ್ದ. ಅವಳ ಖಾಸ ಸಂಸಾರವೆಂದರೆ ಕೋಳಿಗಳೇ. ಹೇಂಟೆ ಕಾವಿಗೆ ಕೂರುವ ಹೊತ್ತು ಬಂದರೆ ಬುಟ್ಟಿಯಲ್ಲಿ ಬೂದಿ, ಹೊಟ್ಟು ಹಾಸಿ ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡಬಾರದೆಂದು ಒಂದು ಇದ್ದಿಲನ್ನೂ ಕಬ್ಬಿಣದ ಮೊಳೆಯನ್ನೂ ಇಡುತ್ತಿದ್ದಳು. ಗುಡುಗಿಗೂ ಮೊಳೆಗೂ ಏನು ಸಂಬಂಧ ಎಂದು ದೇವಕಮ್ಮ ಒಮ್ಮೆ ಕೇಳಿದ್ದಳು. ತನಗೆ ಗೊತ್ತಿಲ್ಲವೆಂದೂ ಗುಡುಗಿಗೆ ಗೊತ್ತಿರಬೇಕೆಂದೂ ತಿಮ್ಮವ್ವ ಹೇಳಿದಳು. ಒಡೆದ ಗಡಿಗೆಯಲ್ಲಿ ಹಸಿ ಸಗಣಿ, ಹರಕು ಗೋಣಿತಾಟು ತುಂಬಿ ಬೇಲಿಯ ಬುಡದಲ್ಲಿ ಬೋರಲು ಹಾಕಿ ಬರುವಳು. ಮರುದಿನ ಗಡಿಗೆ ಎತ್ತಿದರೆ ಗೆದ್ದಲು ತುಂಬಿರುತ್ತಿತ್ತು. ಅದನ್ನು ಅಂಗಳದಲ್ಲಿ ಕೊಡವಿದರೆ ಮರಿಗಳಿಗೆ ಹಬ್ಬ. ಹದ್ದು ಬಂದರೆ ಬೈಯುವುದಕ್ಕೆ ಅವಳ ಬಳಿ ಬೇರೆಯೇ ಬೈಗುಳಗಳಿದ್ದವು, ಮನುಷ್ಯರಿಗೆ ಅವನ್ನು ಬಳಸುತ್ತಿರಲಿಲ್ಲ. ಕೊಕ್ಕರೆ ರೋಗ ಬಂದು ಓಣಿಯ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸತ್ತ ವರ್ಷ ಅವಳು ಎರಡು ದಿನ ಒಲೆ ಹೊತ್ತಿಸಲಿಲ್ಲ. ಕೇಳಿದವರಿಗೆ ಕಟ್ಟಿಗೆ ಹಸಿಯಾಗಿದೆ ಎಂದಳು.

ಊರು ದೋರನಹಳ್ಳಿಯಿಂದ ಆಚೆ, ಕಾಲುವೆ ಮುಗಿಯುವ ಬಾಲದಲ್ಲಿತ್ತು. ಕಾಲುವೆ ತೋಡಿದರು, ಕಲ್ಲು ಕಟ್ಟಿದರು, ಊರಿನವರೆಲ್ಲ ಹೋಗಿ ನೋಡಿ ಬಂದರು. ನೀರು ಮಾತ್ರ ಮೇಲಿನ ಊರುಗಳಲ್ಲೇ ನಿಂತಿತು. ಅಲ್ಲಿ ಭತ್ತ ಬಂತು, ಆಂಧ್ರದವರು ಕ್ಯಾಂಪು ಹಾಕಿಕೊಂಡರು, ಕೊಯ್ದ ಗದ್ದೆಗೆ ಬಾತುಕೋಳಿ ಮೇಯಿಸುವವರು ಹಿಂಡುಗಟ್ಟಲೆ ಹೊಡೆದುಕೊಂಡು ಬಂದರು. ತಿಮ್ಮವ್ವ ಅಂಥವರೊಬ್ಬರಿಗೆ ಒಂದು ಒಳ್ಳೆಯ ಹೇಂಟೆ ಕೊಟ್ಟು ಬಾತುಕೋಳಿಯ ಜೋಡಿ ತಂದಳು. ನೀರು ಬಂದ ಮೇಲೆ ಬಾತುಕೋಳಿ ಹುಡುಕಿಕೊಂಡು ತಿರುಗುವುದು ಬೇಡ, ಈಗಲೇ ಇರಲಿ ಎಂಬುದು ಅವಳ ಲೆಕ್ಕ. ನೀರು ಬರಲಿಲ್ಲ. ಕಾಲುವೆ ಕೆಲಸದವರು ಬಿಟ್ಟುಹೋದ ಒಂದು ಕಬ್ಬಿಣದ ಬಾಂಡ್ಲಿಯಲ್ಲಿ ನೀರು ತುಂಬಿ ಅಂಗಳದಲ್ಲಿಟ್ಟಳು. ಒಂದು ಬಾತುಕೋಳಿ ಇಳಿದರೆ ಇನ್ನೊಂದು ಹೊರಗೆ ನಿಂತು ಕಾಯಬೇಕಾಗುತ್ತಿತ್ತು. ಇಷ್ಟು ವರ್ಷದ ಕಾಲುವೆಯಿಂದ ತಿಮ್ಮವ್ವನಿಗೆ ಸಿಕ್ಕಿದ್ದು ಆ ಬಾಂಡ್ಲಿ ಒಂದೇ.

ಹರಕೆ ಹೊತ್ತದ್ದು ಆಗಲೇ. ಒಂದು ಮಂಗಳವಾರ ಮರಗಮ್ಮನ ಕಟ್ಟೆಗೆ ಹೋಗಿ, ಆಗತಾನೆ ಜುಟ್ಟು ಮೂಡುತ್ತಿದ್ದ ಒಂದು ಕೆಂಪು ಹುಂಜದ ಕಾಲಿಗೆ ಅರಿಶಿನದ ಬಟ್ಟೆ ಕಟ್ಟಿ, ಎಲ್ಲರಿಗೂ ಕೇಳುವಂತೆ ಬೇಡಿಕೊಂಡಳು. ಬೇರೆಯವರಾಗಿದ್ದರೆ ಹೊಲಕ್ಕೆ ನೀರು ಬಂದರೆ ಹುಂಜ ಕೊಡುತ್ತೇನೆ ಎನ್ನುತ್ತಿದ್ದರು. ತಿಮ್ಮವ್ವ ಅಲ್ಲಿಗೆ ಬಿಡಲಿಲ್ಲ. ಯಾವ ದಿನ ಈ ಹುಂಜ ನಮ್ಮ ಹೊಲದಲ್ಲಿ ನಿಂತು ಕಾಲುವೆ ನೀರು ಕುಡಿಯುತ್ತದೋ ಆ ದಿನ ಇದು ನಿನ್ನದು ಎಂದಳು. ಹಾಗೇಕೆ ಹೇಳಿದಳೋ ಅವಳಿಗೂ ಗೊತ್ತಿರಲಿಲ್ಲ, ಬಾಯಿಗೆ ಬಂತು, ಹೇಳಿದಳು. ಪಕ್ಕದಲ್ಲಿದ್ದ ಭಾಗಣ್ಣ ಹಣೆ ಹಿಡಿದುಕೊಂಡು, ಇದು ವಕೀಲರ ಹರಕೆ ಎಂದ.

ಆ ವರ್ಷ ನೀರು ಬರಲಿಲ್ಲ. ಮರುವರ್ಷ ಬರಲಿಲ್ಲ. ಜೊತೆಗೆ ಹುಟ್ಟಿದ ಹುಂಜಗಳೆಲ್ಲ ಒಂದೊಂದು ಹಬ್ಬಕ್ಕೆ, ಒಬ್ಬೊಬ್ಬ ಬೀಗನಿಗೆ ಹೋದವು. ಇದು ಮಾತ್ರ ಉಳಿಯಿತು. ದೇವರ ಹೆಸರಿನದು, ಮಾರುವಂತಿಲ್ಲ, ತಿನ್ನುವಂತಿಲ್ಲ, ಕಲ್ಲೆಸೆಯುವಂತೆಯೂ ಇಲ್ಲ. ಅದಕ್ಕೆ ಇದು ತಿಳಿದಿತ್ತೆಂದು ಓಣಿಯವರ ಅಭಿಪ್ರಾಯ. ಯಾರ ಮನೆಯ ಕಾಳಿಗಾದರೂ ಬಾಯಿ ಹಾಕುತ್ತಿತ್ತು, ಶಾಲೆಗೆ ನುಗ್ಗಿ ದೇವಕಮ್ಮನ ಕುರ್ಚಿಯ ಮೇಲೆ ಕೂರುತ್ತಿತ್ತು. ಊರು ಕಾಲುವೆಯ ಹೆಸರಲ್ಲೇ ಅದನ್ನು ಕಾಲವಿ ಹುಂಜ ಎಂದು ಕರೆಯಿತು. ಬೇರೆ ಊರಿನವರು ಕಾಲುವೆಗೆ ನೀರು ಬಂತೇ ಎಂದು ಕೇಳಿದರೆ ನಮ್ಮವರು, ಹುಂಜ ಇನ್ನೂ ಕೂಗುತ್ತಿದೆ ಎಂದು ಉತ್ತರಿಸುತ್ತಿದ್ದರು. ಒಮ್ಮೆ ಜೀಪಿನಲ್ಲಿ ಬಂದ ಅಧಿಕಾರಿಯೊಬ್ಬರು ಬಾಲದವರೆಗೂ ನೀರು ಮುಟ್ಟಿದೆಯಂತಲ್ಲ ಎಂದರು. ಜನ ಅವರನ್ನು ತಿಮ್ಮವ್ವನ ಅಂಗಳಕ್ಕೆ ಕರೆತಂದು ಹುಂಜವನ್ನು ತೋರಿಸಿದರು. ಅವರು ಚಹಾ ಕುಡಿದು, ಹುಂಜ ಚೆನ್ನಾಗಿದೆ ಎಂದು ಹೇಳಿ ಹೋದರು.

ತಿಮ್ಮವ್ವ ಹುಂಜದ ಮೇಲೆ ಪ್ರೀತಿ ಇದೆ ಎಂದು ಒಂದು ದಿನವೂ ಹೇಳಿದವಳಲ್ಲ. ಅರಿಶಿನದ ಬಟ್ಟೆ ಮಾಸಿದರೆ ಹೊಸದು ಕಟ್ಟುತ್ತಿದ್ದಳು, ಅಷ್ಟೇ. ಆದರೆ ಒಂದು ಮಳೆಗಾಲದಲ್ಲಿ ಕಾಲುವೆ ನೀರು ಪಕ್ಕದ ಹೊಲದವರೆಗೆ ಬಂದಿದೆ ಎಂಬ ಸುದ್ದಿ ಬಂತು. ಆ ದಿನ ಅವಳು ಹುಂಜವನ್ನು ಬುಟ್ಟಿಯಡಿ ಮುಚ್ಚಿ, ಬುಟ್ಟಿಯ ಮೇಲೆ ರುಬ್ಬುವ ಗುಂಡು ಇಟ್ಟಳು. ದೇವಕಮ್ಮ ಗೋಡೆಯ ಮೇಲಿಂದ ನೋಡಿ, ಏನಾಯಿತು ಅದಕ್ಕೆ ಎಂದು ಕೇಳಿದಳು.

"ಕಾಲು ನೋಯಾಕತ್ತಾವ ಅದಕ್ಕ."

"ಅದು ನಿಂಗ ಹೇಳ್ತದೇನು?"

"ನಿನ್ನ ಬುದ್ಧ ನಿಂಗ ಹೇಳ್ತಾನೇನು? ಸುಮ್ನ ಹೋಗು."

ನೀರು ಆ ಸಲವೂ ಪಕ್ಕದ ಹೊಲದಲ್ಲೇ ಇಂಗಿತು. ಸಂಜೆ ಹುಂಜದ ಕಾಲು ನೆಟ್ಟಗಾಯಿತು.

ತಿಮ್ಮವ್ವನಿಗೆ ಜ್ವರ ಬಂದದ್ದು ಹತ್ತಿ ಬಿಡಿಸುವ ಕಾಲದಲ್ಲಿ. ಯಾದಗಿರಿ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಹೊರಸಿನ ಮೇಲೆ ಮಲಗಿ ಬಾಗಿಲಿನಿಂದ ಕೋಳಿಗಳನ್ನು ನೋಡುತ್ತಿದ್ದಳು. ಅವಳು ಕೂಗಿದರೆ ಮಾತ್ರ ಅವು ಬುಟ್ಟಿಗೆ ಬರುತ್ತಿದ್ದುದರಿಂದ, ದನಿ ಇಲ್ಲದಾಗ ದೇವಕಮ್ಮ ಸಂಜೆ ಅವುಗಳ ಹಿಂದೆ ಓಡಾಡಬೇಕಾಗುತ್ತಿತ್ತು. ಅದನ್ನು ನೋಡಿ ತಿಮ್ಮವ್ವ ಕೆಮ್ಮು ಬರುವಷ್ಟು ನಗುತ್ತಿದ್ದಳು. ಅಂಥ ಒಂದು ಸಂಜೆ ದೇವಕಮ್ಮ ಗಂಜಿ ಕುಡಿಸುತ್ತಿದ್ದಾಗ ಅವಳು ಬಟ್ಟಲು ಸರಿಸಿದಳು. ಟೀಚರಮ್ಮ ಎನ್ನಲಿಲ್ಲ.

"ತಂಗಿ, ನೀರು ಬಂದ್ರ ಹುಂಜನ್ನ ಹೊಲಕ್ಕ ಒಯ್ಯಿ. ಕುಡಿದ್ರ ಕೊಡು. ಕುಡೀಲಿಲ್ಲಂದ್ರ ಹೊಳ್ಳಿ ತಗೊಂಡು ಬಾ."

"ನಾ ಜೀವ ತಗ್ಯಾಂಗಿಲ್ಲ ಅಂತ ನಿಂಗ ಗೊತ್ತದ, ಯಕ್ಕ."

"ತಗಿ ಅಂತ ಯಾರಂದ್ರು? ಕೊಯ್ಯಾಕ ಫಕೀರಸಾಬ ಅದಾನ. ನಿಂಗ ನೋಡು ಅಂದೆ."

"ಭಾಗಣ್ಣಗ ಹೇಳು."

"ಅಂವ ಅದರ ಮೂತಿ ನೀರಾಗ ಅದ್ದಿ, ಕುಡೀತು ಅಂತಾನ. ನಿಂಗ ಸುಳ್ಳು ಹೇಳಾಕ ಬರಂಗಿಲ್ಲ. ಓಣಿಯಾಗ ನಿನ್ನೊಬ್ಬಾಕಿಗಿ ಆ ರೋಗ ಅದ."

ದೇವಕಮ್ಮ ಬಟ್ಟಲನ್ನು ಮತ್ತೆ ಅವಳ ಬಾಯಿಯ ಬಳಿ ತಂದಳು. ಗಂಜಿ ಆರುತ್ತಿದೆ ಎಂದಳು. ಅದಾದ ಸ್ವಲ್ಪ ದಿನಕ್ಕೆ ತಿಮ್ಮವ್ವ ತೀರಿಕೊಂಡಳು.

ಹುಂಜ ದೇವಕಮ್ಮನ ಮನೆಗೆ ಬೇಗ ಒಗ್ಗಿಕೊಂಡಿತು. ಬೆಳಿಗ್ಗೆ ಅವಳು ಪಟದ ಮುಂದೆ ನಿಂತಾಗ ಅದು ಹೊಸ್ತಿಲ ಮೇಲೆ ನಿಂತು ಕೂಗುತ್ತಿತ್ತು. ಸುಳ್ಳು ಹೇಳುವುದಿಲ್ಲ ಎಂಬ ಮಾತು ಬರುವ ಹೊತ್ತಿಗೆ ಸರಿಯಾಗಿ ಕೂಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಗೋಡೆಯಾಚೆಯ ಅಂಗಳದಲ್ಲಿ ಹುಲ್ಲು ಎದ್ದಿತು. ಅವಳು ಆ ಕಡೆ ನೋಡುವುದನ್ನು ಬಿಟ್ಟಳು. ಹುಂಜ ಬಿಡಲಿಲ್ಲ, ದಿನಾ ಗೋಡೆ ಹಾರಿ ಹೋಗಿ ತಿಮ್ಮವ್ವ ನುಚ್ಚು ಚೆಲ್ಲುತ್ತಿದ್ದ ಜಾಗವನ್ನು ಕೆದರಿ ಬರುತ್ತಿತ್ತು.

ಆ ಬೇಸಿಗೆಯಲ್ಲಿ ಕಾಲುವೆಯ ಹೂಳು ತೆಗೆದರು. ಮಳೆಗಾಲದಲ್ಲಿ ಮೇಲಿನಿಂದ ನೀರು ಬಿಟ್ಟಾಗ ಅದು ಪಕ್ಕದ ಹೊಲದಲ್ಲಿ ನಿಲ್ಲದೆ ಮುಂದೆ ಬಂತು. ಭಾಗಣ್ಣ ಕೆಸರುಗಾಲಿನಲ್ಲೇ ದೇವಕಮ್ಮನ ಬಾಗಿಲಿಗೆ ಬಂದ. ನೀರು ಬಂದಿದೆ, ತಡ ಮಾಡಿದರೆ ಮರಗಮ್ಮ ಮುನಿದು ನಿಲ್ಲಿಸಿಬಿಟ್ಟಾಳು, ಅತ್ತಿಗೆ ಕೊಟ್ಟ ಮಾತು ಎಂದ. ದೇವಕಮ್ಮ, ಅತ್ತಿಗೆಯ ಮಾತು ತನಗೂ ಗೊತ್ತಿದೆ, ಮೊದಲು ಹುಂಜ ಕುಡಿಯಬೇಕು ಎಂದಳು. ಭಾನುವಾರ ಒಯ್ಯುವುದೆಂದಾಯಿತು.

ಭಾನುವಾರ ಬೆಳಿಗ್ಗೆ ಅವಳು ಹುಂಜದ ಮುಂದೆ ಒಂದು ಬಟ್ಟಲು ನೀರಿಟ್ಟಳು. ಅದು ಕುಡಿಯಿತು. ಇನ್ನೊಂದು ಬಟ್ಟಲು ಇಟ್ಟಳು. ಅದನ್ನೂ ಕುಡಿಯಿತು. ಆಮೇಲೆ ನೀರುಮಜ್ಜಿಗೆ ಇಟ್ಟಳು. ಕೋಳಿಗೆ ನೀರು ಕೊಡುವುದು ಸುಳ್ಳಲ್ಲ, ಪಾಪವಂತೂ ಅಲ್ಲ. ಹೊರಡುವ ಮುನ್ನ ಪಟದ ಕಡೆ ನೋಡಲಿಲ್ಲ.

ಹುಂಜವನ್ನು ಸೆರಗಿನಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಹೋದಳು. ವಯಸ್ಸಾಗಿದ್ದರೂ ಭಾರವಿತ್ತು. ಓಣಿಯ ಜನ ಹಿಂದೆ ಬಂದರು. ಹೆಚ್ಚು ಜನ ಇದ್ದರೆ ಅದು ಬೆದರುತ್ತದೆ ಎಂದು ಹೇಳಿ ಅವಳು ಎಲ್ಲರನ್ನೂ ದಾರಿಯ ಬೇವಿನ ಮರದ ಕೆಳಗೆ ನಿಲ್ಲಿಸಿ, ಒಬ್ಬಳೇ ಬದುವಿನ ಮೇಲೆ ನಡೆದಳು. ಹೊಲದ ಮೂಲೆಯಲ್ಲಿ ನೀರು ನಿಂತಿತ್ತು. ಕೆಂಪಗಿತ್ತು, ಮೊಣಕಾಲಿಗೂ ಬರುವಷ್ಟಿರಲಿಲ್ಲ. ಇದಕ್ಕಾಗಿ ತಿಮ್ಮವ್ವ ಅಷ್ಟು ವರ್ಷ ಕಾದಿದ್ದಳು. ದೇವಕಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹುಂಜವನ್ನು ಇಳಿಸಿ, ಬೆನ್ನು ಮರದ ಕಡೆ ಮಾಡಿ ಕುಕ್ಕರಗಾಲಲ್ಲಿ ಕೂತಳು.

ಹುಂಜ ನೀರನ್ನು ನೋಡಿತು. ಹೊಟ್ಟೆ ತುಂಬಿತ್ತು, ಅವಸರವಿರಲಿಲ್ಲ. ಕೆಸರು ಕೆದರಿತು. ಒಂದು ಹುಳ ಸಿಕ್ಕಿತು, ತಿಂದಿತು. ನೀರಿನಿಂದ ದೂರ ಹೋಯಿತು. ದೇವಕಮ್ಮ ಎದ್ದು ಅದನ್ನು ಎತ್ತಿಕೊಂಡು ಹೋಗಿಬಿಡಬೇಕೆಂದು ಕೈ ಚಾಚಿದಳು. ಅಷ್ಟರಲ್ಲಿ ಅದು ತಿರುಗಿ ಬಂದು, ನೀರಿಗೆ ಕೊಕ್ಕು ಅದ್ದಿ, ಕತ್ತೆತ್ತಿ ಮುಗಿಲು ನೋಡಿ ನುಂಗಿತು. ಮತ್ತೊಮ್ಮೆ ಅದ್ದಿತು. ಬೇಕಾಗಿ ಕುಡಿದಂತಿರಲಿಲ್ಲ. ಹೊಸ ನೀರಿನ ರುಚಿ ನೋಡಿದಂತಿತ್ತು.

ಕಂಡವಳು ಅವಳೊಬ್ಬಳೇ. ಮರದ ಕೆಳಗಿನವರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಇಲ್ಲ ಎಂದರೆ ಹುಂಜ ಉಳಿಯುತ್ತದೆ. ಹೌದು ಎಂದರೆ ಹೋಗುತ್ತದೆ. ಒಂದು ಮಾತು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕು. ಯಾವುದನ್ನು ಎಂದು ಕೇಳೋಣವೆಂದರೆ, ಇಂಥದ್ದನ್ನು ಅವಳು ಕೇಳುತ್ತಿದ್ದುದು ಗೋಡೆಯಾಚೆಯವಳನ್ನು. ಹುಂಜ ಅವಳ ಸೀರೆಯ ಅಂಚನ್ನು ಕುಟುಕುತ್ತಿತ್ತು.

ಆಮೇಲೆ ಅದನ್ನು ಎತ್ತಿಕೊಂಡು ಮರದ ಕೆಳಗೆ ಬಂದಳು.

"ಏನಾತ್ರೀ ಟೀಚರ್?" ಎಂದ ಭಾಗಣ್ಣ.

"ಕುಡೀತು."

ಯಾರೂ ಮತ್ತೆ ಕೇಳಲಿಲ್ಲ. ತಿಮ್ಮವ್ವ ಅವಳನ್ನು ಆರಿಸಿದ್ದು ಇದಕ್ಕೇ ಎಂದು ಅವಳಿಗೆ ಆಗ ಅರ್ಥವಾಯಿತು. ಅರ್ಥವಾದದ್ದರಿಂದ ಹಗುರವೇನೂ ಆಗಲಿಲ್ಲ.

ಊರಲ್ಲಿ ಕುರಿ ಕೋಳಿ ಕೊಯ್ಯುವವನು ಫಕೀರಸಾಬ. ಅವನು ಮರಗಮ್ಮನ ಕಟ್ಟೆಯ ಬಳಿ ಕೆಲಸ ಮುಗಿಸುವವರೆಗೆ ದೇವಕಮ್ಮ ಅವನ ಕಡೆಗೇ ಮುಖ ಮಾಡಿ ನಿಂತಿದ್ದಳು. ಅರಿಶಿನದ ಬಟ್ಟೆಯನ್ನು ಮಾತ್ರ ಮೊದಲೇ ಬಿಚ್ಚಿ ಇಟ್ಟುಕೊಂಡಿದ್ದಳು. ಭಾಗಣ್ಣನ ಹೆಂಡತಿ ಮಧ್ಯಾಹ್ನ ಇಟ್ಟ ಎಸರು ಸಂಜೆಯವರೆಗೂ ಕುದಿಯಿತು. ಮಾಂಸ ಮೆತ್ತಗಾಗಲಿಲ್ಲ. ಹರಕೆ ಹೊತ್ತವರಿಗೆ ಸಲ್ಲುವ ಪಾಲನ್ನು, ಹೊತ್ತವಳು ಇಲ್ಲದ್ದರಿಂದ, ದೇವಕಮ್ಮನಿಗೆ ತಂದುಕೊಟ್ಟರು. ದೇವರಿಗೆ ಕೊಯ್ದದ್ದನ್ನು ಅವಳು ದೀಕ್ಷೆಯಾದಾಗಿನಿಂದ ಮುಟ್ಟಿರಲಿಲ್ಲ. ಅವತ್ತು ಬಟ್ಟಲು ಹಿಡಿದುಕೊಂಡು ಮೋಟು ಗೋಡೆಯ ಮೇಲೆ ಕೂತು ತಿಂದಳು. ಬಹಳ ಗಟ್ಟಿಯಾಗಿತ್ತು. ಒಂದೊಂದು ತುತ್ತನ್ನೂ ತುಂಬಾ ಹೊತ್ತು ಅಗಿಯಬೇಕಾಯಿತು.

ಮರುದಿನ ಬೆಳಿಗ್ಗೆ ಪಟದ ಮುಂದೆ ನಿಂತು ಮೊದಲಿನಿಂದ ಎಲ್ಲವನ್ನೂ ಹೇಳಿಕೊಂಡಳು. ಹೊಸ್ತಿಲಲ್ಲಿ ಯಾರೂ ಕೂಗಲಿಲ್ಲ.

ಆ ವಾರದಲ್ಲೇ ಮೇಲೆ ಗೇಟು ಮುಚ್ಚಿದರು. ಹೊಲದ ಮೂಲೆಯಲ್ಲಿದ್ದ ನೀರು ಆರಿ, ಬಿರುಕು ಬಿಟ್ಟ ಮಣ್ಣಿನಲ್ಲಿ ಹುಂಜದ ಕಾಲಿನ ಗುರುತು ಉಳಿಯಿತು. ಭಾಗಣ್ಣ ತನ್ನ ಮನೆಯ ಒಂದು ಎಳೆಯ ಹುಂಜವನ್ನು ಹಿಡಿದುಕೊಂಡು ಬಂದ. ಕಾಲವಿ ಹುಂಜದ ಮರಿಯೇ, ಕತ್ತಿನ ಬಣ್ಣ ಅದೇ. ಮತ್ತೆ ಬೇಡಿಕೊಳ್ಳೋಣ ಎಂದಿದ್ದೇನೆ, ಕುಡಿಯುತ್ತದೋ ಇಲ್ಲವೋ ನೋಡಲು ಈ ಸಲವೂ ನೀವೇ ಬರಬೇಕು ಎಂದ.

ದೇವಕಮ್ಮ ಅಂಗಳದ ಕಡೆ ನೋಡಿದಳು. ಮುದಿ ಬಾತುಕೋಳಿಗಳಲ್ಲಿ ಒಂದು ಬಾಂಡ್ಲಿಯಲ್ಲಿತ್ತು, ಇನ್ನೊಂದು ಹೊರಗೆ ನಿಂತು ಕಾಯುತ್ತಿತ್ತು. ಬೇಡುವುದು ಬಿಡುವುದು ಭಾಗಣ್ಣನಿಗೆ ಬಿಟ್ಟದ್ದು, ತಾನು ಅದಕ್ಕೆ ಅಡ್ಡ ಬರುವುದಿಲ್ಲ ಎಂದಳು. ಆದರೆ ನೋಡುವವಳು ತಾನಾಗಬೇಕಿದ್ದರೆ ಹರಕೆಯ ಮಾತನ್ನೂ ತಾನೇ ಹೇಳಿಕೊಡುತ್ತೇನೆ ಎಂದಳು.

"ಹೇಳ್ರಿ ಮತ್ತ."

"ಕುಡಿಯೋದು ಬ್ಯಾಡ. ಈ ಎರಡೂ ಬಾತುಕೋಳಿ ನಿಮ್ಮ ಹೊಲದಾಗ ಜೋಡಿಲೆ ಈಜಿದ ದಿನ ಕೊಡ್ತೀನಿ ಅನ್ನು."

ಭಾಗಣ್ಣ ಬಾತುಕೋಳಿಗಳನ್ನು ನೋಡಿದ, ಬಾಂಡ್ಲಿಯನ್ನು ನೋಡಿದ. ಅತ್ತಿಗೆ ಹೋದರೂ ಅವಳ ವಕೀಲಿ ಹೋಗಲಿಲ್ಲ ಎಂದು ಗೊಣಗಿದ. ಆದರೂ ಹುಂಜವನ್ನು ಮುಂದೆ ಹಿಡಿದ. ದೇವಕಮ್ಮ ಸೆರಗಿನ ಗಂಟಿನಿಂದ ಆ ಅರಿಶಿನದ ಬಟ್ಟೆಯನ್ನು ಬಿಚ್ಚಿ, ಅದರ ಕಾಲಿಗೆ ಕಟ್ಟಿದಳು. ಬೆಳೆಯುವ ಕಾಲು ಎಂದು ಗಂಟನ್ನು ಸ್ವಲ್ಪ ಸಡಿಲ ಬಿಟ್ಟಳು.