ಹೋಳಿಗೆ ದಿನದ ನಾಟಕ

ಮಾರಿಸ್‌ಟೌನ್‌ನ ನಮ್ಮ ಹವ್ಯಾಸಿ ಕನ್ನಡ ನಾಟಕ ತಂಡದ ನಿರ್ದೇಶಕರಿಗೆ ಆ ವರ್ಷ ಒಂದು ಹುಚ್ಚು ಹಿಡಿಯಿತು. ನಾನೂರು ವರ್ಷದ ಹಿಂದೆ ಲಂಡನ್ನಿನ ನಾಟಕ ಕಂಪನಿಗಳು ದಿನಕ್ಕೊಂದು ನಾಟಕ ಆಡುತ್ತಿದ್ದವಂತೆ. ಬಾಗಿಲಲ್ಲಿ ಮಣ್ಣಿನ ಹುಂಡಿ ಹಿಡಿದು ಕಾಸು ಕೂಡಿಸಿ, ಆಮೇಲೆ ಒಡೆದು ಎಣಿಸುತ್ತಿದ್ದವಂತೆ. ದುಡ್ಡು ತಂದ ನಾಟಕ ಮತ್ತೆ ರಂಗಕ್ಕೆ, ತರದಿದ್ದದ್ದು ಮೂಲೆಗೆ. ನಾವೂ ಹಾಗೇ ಮಾಡೋಣ ಎಂದರು. ಸೋಮವಾರದಿಂದ ಶುಕ್ರವಾರದವರೆಗೆ ಐದು ನಾಟಕ, ಜೊತೆಗೆ ಊಟ. ಹೆಚ್ಚು ಕಲೆಕ್ಷನ್ ಆದದ್ದು ಶನಿವಾರ ಇನ್ನೊಮ್ಮೆ.

ಗುರುವಾರದ್ದು ನಾನು ಬರೆದದ್ದು, ನನ್ನ ಮೊದಲ ನಾಟಕ. ಅದನ್ನು ಎರಡನೇ ಸಲ ಆಡಬೇಕೆಂಬ ಆಸೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಹುಂಡಿ ಕಾಯುವ ಕೆಲಸವೂ ನನ್ನದೇ, ಏಕೆಂದರೆ ನನಗೆ ನಟನೆ ಬಾರದೆಂದು ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದ್ದರು. ಬಂದವರೋ, ಡಾಲರ್ ನೋಟು ಹಾಕಿ ಹುಂಡಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಬ್ಬರು ತೀರ್ಥ ಎಲ್ಲಿ ಎಂದೂ ಕೇಳಿದರು.

ದಿನಕ್ಕೊಂದು ನಾಟಕವೆಂದರೆ ಹುಡುಗಾಟವೇ? ಬುಧವಾರದ ರಾಜ ಮಂಗಳವಾರದ ಡಾಕ್ಟರ್ ಪಾತ್ರದ ಮಾತು ಶುರುಮಾಡಿ, ಸಿಂಹಾಸನದಿಂದಿಳಿದು ಮಂತ್ರಿಯ ನಾಡಿ ಹಿಡಿದ. ಮಂತ್ರಿ ನಿಜಜೀವನದಲ್ಲಿ ಹೃದಯದ ಡಾಕ್ಟರು. ಗಾಬರಿಯಾಗಿ ನೆಲದ ಮೇಲೆ ಕೂತೇಬಿಟ್ಟರು. ಜನ ಚಪ್ಪಾಳೆ ಹೊಡೆದರು.

ಗುರುವಾರ ಮಾತ್ರ ಜನ ಕಿಕ್ಕಿರಿದರು. ಹುಂಡಿಯ ಬಾಯಿಗೆ ನೋಟು ತುರುಕಲು ಪೆನ್ನು ಬೇಕಾಯಿತು. ಶುಕ್ರವಾರ ಎಲ್ಲ ಹುಂಡಿ ಒಡೆದಾಗ ನನ್ನ ನಾಟಕವೇ ಮೊದಲು. ನಾನು ಉಬ್ಬಿಹೋದೆ. ಅಡುಗೆ ಉಸ್ತುವಾರಿಯ ಆಂಟಿ ತಣ್ಣಗೆ ಹೇಳಿದರು: “ಗುರುವಾರ ಹೋಳಿಗೆ ಇತ್ತಲ್ಲಪ್ಪ. ವಾಟ್ಸಾಪಲ್ಲಿ ಮೆನು ಹಾಕಿದ್ದೆ.”

ಉಳಿದ ನಾಲ್ಕೂ ದಿನ ಚಿತ್ರಾನ್ನ. ನನ್ನ ಮುಖ ಇಂಗು ತಿಂದ ಮಂಗನಂತಾಯಿತು.

ಶನಿವಾರ ಆಂಟಿಗೆ ರಜೆ, ಊಟವಿಲ್ಲ. ಶುರುವಾಗಲು ಐದು ನಿಮಿಷವಿದ್ದಾಗ ಪಾರ್ಕಿಂಗಿನಲ್ಲಿ ನಟರ ಕಾರುಗಳಷ್ಟೇ. ನಿಜವಾಗಿಯೂ ಅಳು ಬಂತು. ಅಷ್ಟರಲ್ಲಿ ಧಾರವಾಡ ಕಡೆಯ ಅಜ್ಜಿಯೊಬ್ಬರು ಮಗಳ ಕೈ ಹಿಡಿದು ಬಂದು, ಹುಂಡಿಗೆ ಇಪ್ಪತ್ತರ ನೋಟು ಹಾಕಿದರು. ಮೋಸ ಮಾಡಲು ಮನಸ್ಸಾಗದೆ, ಇವತ್ತು ಊಟವಿಲ್ಲ ಎಂದು ನಾನೇ ಹೇಳಿಬಿಟ್ಟೆ.

“ಗೊತ್ತೈತಿ. ಅವತ್ತ ಹೋಳಗಿ ಸಾಲಿನ್ಯಾಗ ನಿಂತು ಕಡೀ ಸೀನ್ ತಪ್ಪಿತು. ಆ ಹುಡುಗಿ ಗಂಡನ ಮನಿಗೆ ವಾಪಸ್ ಹೋದಳೋ ಇಲ್ಲೋ ಅಂತ ಎರಡ ದಿವ್ಸ ನಿದ್ದಿ ಹತ್ತಿಲ್ಲ ನನಗ. ಲಗೂ ಶುರು ಮಾಡಸು.”

ಒಳಗೆ ನಿರ್ದೇಶಕರು ಖಾಲಿ ಕುರ್ಚಿಗಳನ್ನು ನೋಡಿ, ಕ್ಯಾನ್ಸಲ್ ಮಾಡಿಬಿಡೋಣವೇ ಎಂದು ಕೇಳಿದರು.

“ಜನ ಕಾಯ್ತಿದಾರೆ ಸರ್,” ಎಂದೆ, “ಪರದೆ ಎತ್ತಿಸಿ.”